ಮೂರಿಂಗಿಗೆ ಹೆಂಡತಿಯನ್ನು ಒಪ್ಪಿಸುವುದು ಹೇಗೆ? ಒಪ್ಪಿದ ಹೆಂಡತಿಯೊಬ್ಬಳ ಉತ್ತರ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಬೆಂಗಳೂರಿನಲ್ಲಿ ವಾಸವಾಗಿರುವ ನೀವು ನಿಮ್ಮ 28 ಅಡಿಯ ಹಾಯಿದೋಣಿಯನ್ನು ಕೊಚ್ಚಿಯ ಬೋಲ್ಗಟ್ಟಿ ಮರೀನಾದಲ್ಲಿ (ದೋಣಿಗಳನ್ನು ಜೆಟ್ಟಿಗೆ ಕಟ್ಟಿಡಲು ಬಾಡಿಗೆಗೆ ಜಾಗ ಕೊಡುವ ತಂಗುದಾಣದಲ್ಲಿ) ಇರಿಸಿದ್ದೀರಿ, ಅದನ್ನು ಗೋವಾಕ್ಕೆ ತಂದು, ಮಾಂಡೋವಿ ನದಿಯ ನಡುವೆ ತಳಕ್ಕೆ ಸರಪಳಿಯಿಂದ ಬಿಗಿದ ತೇಲುಗುಂಡಿಗೆ, ಅಂದರೆ ಬೋಯಾಕ್ಕೆ ಕಟ್ಟಿ (ಮೂರಿಂಗ್ ಎನ್ನುವುದು ಇದನ್ನೇ), ಡಿಂಗಿ ಎಂಬ ಪುಟ್ಟ ದೋಣಿಯಲ್ಲಿ ದಡದಿಂದ ಹೋಗಿಬರುವ ಏರ್ಪಾಡು ಮಾಡಿಕೊಂಡರೆ ವರ್ಷದ ಬಾಡಿಗೆಯಲ್ಲಿ ಬಹಳಷ್ಟು ಉಳಿಯುತ್ತದೆ, ಆದರೆ ನಿಮ್ಮ ಪತ್ನಿ ಒಪ್ಪುತ್ತಿಲ್ಲ. ಅವರನ್ನು ಒಪ್ಪಿಸುವ ಬಗೆ ಯಾವುದೆಂದು ಕೇಳಿದ್ದೀರಿ. ನಾನು ಜಯನಗರದವಳು. ಇಂಥದೇ ಏರ್ಪಾಡನ್ನು ಮೊದಲು ಖಡಾಖಂಡಿತವಾಗಿ ಬೇಡವೆಂದು, ಆಮೇಲೆ ಒಪ್ಪಿಕೊಂಡವಳು. ಹಾಗಾಗಿ ಈ ಉತ್ತರವನ್ನು ನಿಮ್ಮ ಪತ್ನಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಬರೆಯುತ್ತಿದ್ದೇನೆ ಎಂದೇ ತಿಳಿಯಿರಿ.

ನಮ್ಮ ಯಜಮಾನರು ಮೊದಲು ನನ್ನ ಮುಂದೆ ತೆರೆದಿಟ್ಟದ್ದು ಎಕ್ಸೆಲ್ ಹಾಳೆಯನ್ನು. ಮರೀನಾದಲ್ಲಿ ದೋಣಿಯ ಉದ್ದಕ್ಕೆ ತಕ್ಕ ಬಾಡಿಗೆ, ವಿದ್ಯುತ್ತು, ನೀರು, ಕಾವಲು ಎಲ್ಲವನ್ನೂ ಒಂದು ಕಡೆ ಕೂಡಿಸಿ, ಬೋಯಾದ ವೆಚ್ಚವನ್ನು ಇನ್ನೊಂದು ಕಡೆ ಬರೆದಿದ್ದರು. ಲೆಕ್ಕದಲ್ಲಿ ಒಂದು ಪೈಸೆಯ ತಪ್ಪಿರಲಿಲ್ಲ. ಆದರೂ ಅದು ನನ್ನ ಮನಸ್ಸನ್ನು ಕದಲಿಸಲಿಲ್ಲ. ಏಕೆಂದರೆ ಉಳಿತಾಯವೆಲ್ಲ ಅವರ ಹವ್ಯಾಸದ ಖಾತೆಗೆ ಜಮೆಯಾಗಿ, ತೊಂದರೆಯೆಲ್ಲ ನನ್ನ ಖಾತೆಗೆ ಬರುವಂತಿತ್ತು. ನೀವೂ ಹಾಳೆಯಿಂದಲೇ ಆರಂಭಿಸಿದ್ದರೆ ದಯವಿಟ್ಟು ಅದನ್ನು ಸದ್ಯಕ್ಕೆ ಮುಚ್ಚಿಡಿ.

ನಿಮ್ಮ ಪತ್ನಿಯವರಿಗೆ ಬೇಡವಾಗಿರುವುದು ಏನೆಂದು ಬಿಡಿಸಿ ಕೇಳಿದರೆ, ಅದು ಮೂರಿಂಗ್ ಆಗಿರುವುದಿಲ್ಲ, ದಡದಿಂದ ದೋಣಿಯವರೆಗಿನ ಆ ಒಂದೆರಡು ಫರ್ಲಾಂಗು ದಾರಿಯಾಗಿರುತ್ತದೆ ಎಂಬುದು ನನ್ನ ಊಹೆ. ಮರೀನಾದ ತೇಲುವ ಜೆಟ್ಟಿ ಉಬ್ಬರ ಇಳಿತಗಳೊಂದಿಗೆ ತಾನೂ ಏರಿ ಇಳಿಯುವುದರಿಂದ ದೋಣಿಗೆ ಕಾಲಿಡುವ ಮೆಟ್ಟಿಲು ಯಾವ ಹೊತ್ತಿಗೂ ಒಂದೇ ಎತ್ತರದಲ್ಲಿರುತ್ತದೆ. ನದಿಯ ದಡದ ಕಲ್ಲಿನ ಜೆಟ್ಟಿ ಹಾಗಲ್ಲ. ಗೋವಾದಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ. ಇಳಿತದ ಹೊತ್ತಿನಲ್ಲಿ ಕೆಳಗಿನ ಮೆಟ್ಟಿಲುಗಳು ಹೊರಗೆ ಕಾಣಿಸುತ್ತವೆ. ಅವುಗಳ ಮೇಲೆ ಹಸಿರು ಪಾಚಿ, ಅಂಚಿಗೆ ಚಾಕುವಿನಂತೆ ಕೊಯ್ಯುವ ಬಾರ್ನಕಲ್ ಚಿಪ್ಪುಗಳು. ಒಂದು ಕೈಯಲ್ಲಿ ಊಟದ ಚೀಲ, ಇನ್ನೊಂದು ಕೈಯಲ್ಲಿ ಕಬ್ಬಿಣದ ಬಳೆ ಹಿಡಿದು, ಕೆಳಗೆ ಕುಲುಕಾಡುತ್ತಿರುವ ರಬ್ಬರಿನ ದೋಣಿಗೆ ಯಾವ ಕಾಲನ್ನು ಮೊದಲು ಇಡಬೇಕೆಂದು ಯೋಚಿಸುತ್ತಾ ನಿಂತಾಗ, ಈಗಾಗಲೇ ಡಿಂಗಿಯಲ್ಲಿ ಕುಳಿತಿರುವ ಗಂಡ "ಏನೂ ಆಗಲ್ಲ, ಬಾ" ಎಂದರೆ ಯಾವ ಹೆಂಗಸಿಗೂ ಧೈರ್ಯ ಬರುವುದಿಲ್ಲ.

ಆ ಅಂಜಿಕೆಯನ್ನು ಪುಕ್ಕಲುತನ ಎಂದು ತಳ್ಳಿಹಾಕಬೇಡಿ. ಹಾಯಿದೋಣಿಯವರಲ್ಲಿ ಅನುಭವಿಗಳೇ ಹೇಳುವಂತೆ, ಇಡೀ ಪ್ರಯಾಣದಲ್ಲಿ ಹೆಚ್ಚು ಎಚ್ಚರ ಬೇಡುವುದು ಡಿಂಗಿಯ ಭಾಗವೇ. ಮಾಂಡೋವಿಯಲ್ಲಂತೂ (ನಮ್ಮ ಖಾನಾಪುರದ ಕಡೆ ಮಹದಾಯಿಯಾಗಿ ಹುಟ್ಟಿ ಹೋಗುವ ನದಿಯೇ ಇದು) ಅಕ್ಟೋಬರಿನಿಂದ ಮೇ ತನಕ ಬೆಳಗಿನ ನೀರು ಕನ್ನಡಿಯಂತಿದ್ದರೂ ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಅದೇ ಹೊತ್ತಿಗೆ ಇಳಿತದ ನೀರು ಅಳಿವೆಯತ್ತ ಹರಿಯುತ್ತಿದ್ದರೆ, ಗಾಳಿಯೂ ಪ್ರವಾಹವೂ ಎದುರುಬದುರಾಗಿ ಮೋಟು ಅಲೆಗಳು ನೆಟ್ಟಗೆ ನಿಲ್ಲುತ್ತವೆ. ಪಣಜಿಯ ಮುಂದೆ ಫೆರಿಗಳು, ಕ್ಯಾಸಿನೋ ಹಡಗುಗಳಿಗೆ ಜನರನ್ನು ಸಾಗಿಸುವ ಲಾಂಚುಗಳು ಎಬ್ಬಿಸುವ ಅಲೆಗಳು ಬೇರೆ. ಉಬ್ಬರ ಇಳಿತದ ಪಟ್ಟಿಯನ್ನು ನೀವು ಅವರ ಜೊತೆ ಕುಳಿತು ಓದಿ, ಹೋಗುವುದನ್ನು ಬೆಳಿಗ್ಗೆಗೆ, ಮರಳುವುದನ್ನು ಗಾಳಿ ಏಳುವ ಮೊದಲು ಅಥವಾ ಸಂಜೆ ಅದು ತಗ್ಗಿದ ಮೇಲೆ ಇಟ್ಟುಕೊಂಡರೆ, ಅಂಜಿಕೆಯ ಅರ್ಧ ಭಾಗಕ್ಕೆ ಕಾರಣವೇ ಉಳಿಯುವುದಿಲ್ಲ.

ಉಳಿದರ್ಧಕ್ಕೆ ಹಣ ಖರ್ಚು ಮಾಡಬೇಕು, ಮತ್ತು ಆ ಹಣ ಉಳಿತಾಯದಿಂದಲೇ ಬರಬೇಕು. ನನ್ನನ್ನು ಕೊನೆಗೆ ಒಪ್ಪಿಸಿದ ಮಾತು ಇದೇ: ಮೊದಲ ವರ್ಷ ಬಾಡಿಗೆಯಲ್ಲಿ ಉಳಿದದ್ದನ್ನು ಮೊದಲು ಡಿಂಗಿಗೇ ಹಾಕುವುದೆಂದು ಯಜಮಾನರು ಹೇಳಿದರು. ತಳ ಬಗ್ಗದಂಥ, ಇಬ್ಬರಿಗೆ ಬೇಕಾದುದಕ್ಕಿಂತ ಒಂದು ಅಳತೆ ದೊಡ್ಡ ಡಿಂಗಿ. ಮೂಲೆಯಲ್ಲಿ ಬಿದ್ದಿರುವಂಥದಲ್ಲ, ಮೈಗೆ ಸರಿಯಾಗಿ ಕೂರುವ ಲೈಫ್ ಜಾಕೆಟ್. ಹಾಯಿದೋಣಿಯ ಹಿಂಬದಿಗೆ ನೀರಿನೊಳಗೂ ಎರಡು ಮೆಟ್ಟಿಲು ಇಳಿಯುವ ಗಟ್ಟಿ ಏಣಿ. ಡಿಂಗಿಯ ಹಿಂಬದಿಗೆ ತಗಲಿಸುವ ಔಟ್‌ಬೋರ್ಡ್ ಎಂಜಿನ್ನಿನ ವಿಷಯದಲ್ಲಿ ಶಕ್ತಿಗಿಂತ ತೂಕವನ್ನು ನೋಡಿ. ಅತಿ ಚಿಕ್ಕ ಫೋರ್ ಸ್ಟ್ರೋಕ್ ಎಂಜಿನ್ನೇ 13ರಿಂದ 18 ಕಿಲೋ ತೂಗುತ್ತದೆ. ಅದನ್ನು ಡಿಂಗಿಯಿಂದ ಮೇಲಕ್ಕೆ ಕೈಬದಲಿಸುವ ಕ್ಷಣದಲ್ಲಿ ನೀರುಪಾಲಾಗುವುದು ಎಂಜಿನ್ನೇ ಆಗಬೇಕೆಂದೇನಿಲ್ಲ. ಬ್ಯಾಟರಿಯನ್ನು ಬೇರೆ ಮಾಡಿ ಎತ್ತಬಹುದಾದ ವಿದ್ಯುತ್ ಎಂಜಿನ್ ನಮಗೆ ಒಗ್ಗಿತು. ಹುಟ್ಟುಗಳು ಮಾತ್ರ ಸದಾ ಡಿಂಗಿಯಲ್ಲೇ ಇರಬೇಕು.

ಇದಕ್ಕಿಂತ ಮುಖ್ಯವಾದದ್ದು, ಡಿಂಗಿ ನಡೆಸುವುದನ್ನು ಅವರು ಕಲಿಯುವುದು. ಸಾಮಾನಿನ ಜೊತೆ ಇನ್ನೊಂದು ಸಾಮಾನಾಗಿ ಕುಳಿತವರಿಗೆ ಪ್ರತಿ ಅಲೆಯೂ ದೊಡ್ಡದಾಗಿ ಕಾಣುತ್ತದೆ. ಹಿಡಿಕೆ ತಮ್ಮ ಕೈಯಲ್ಲಿದ್ದಾಗ ಅದೇ ಅಲೆಯನ್ನು ಓರೆಯಾಗಿ ದಾಟುವುದು ಹೇಗೆಂದು ತಿಳಿಯುತ್ತದೆ. ತಲಕಾಡಿನಲ್ಲೋ ಹೊಗೇನಕಲ್ಲಿನಲ್ಲೋ ಹರಿಗೋಲು ಹತ್ತಿದವರಿಗೆ ಅರ್ಧ ಪಾಠ ಬಂದೇ ಇರುತ್ತದೆ: ಅಂಚನ್ನು ತುಳಿಯದೆ ನಡುವೆ ಕಾಲಿಡಬೇಕು, ಕೂಡಲೇ ಕುಳಿತುಬಿಡಬೇಕು, ಒಬ್ಬರು ಕದಲುವಾಗ ಇನ್ನೊಬ್ಬರು ಕದಲಬಾರದು. ಮಿಕ್ಕದ್ದನ್ನು ಹೊನ್ನೇಮರಡುವಿನ ಹಿನ್ನೀರಿನಂಥ ನಿಂತ ನೀರಿನಲ್ಲಿ ಅಭ್ಯಾಸ ಮಾಡಬಹುದು. ಎಳೆದೊಡನೆ ಎಂಜಿನ್ನನ್ನು ತಟ್ಟನೆ ನಿಲ್ಲಿಸುವ ಕಿಲ್ ಕಾರ್ಡ್ ಎಂಬ ಹುರಿಯನ್ನು ಕಾಲಿಗೆ ಸುತ್ತಿಕೊಳ್ಳುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಸಿ, ನೀವೂ ಮಾಡಿಕೊಳ್ಳಿ. ಕಲಿಸುವವರು ನೀವೇ ಆಗದಿದ್ದರೆ ಇನ್ನೂ ಒಳ್ಳೆಯದು. ಗಂಡ ಹೆಂಡತಿಗೆ ಕಾರು ಕಲಿಸಲು ಹೋದ ಮನೆಗಳನ್ನು ನಾವೆಲ್ಲರೂ ನೋಡಿದ್ದೇವೆ.

ನಮ್ಮಲ್ಲಿ ಒಂದು ನಿಯಮವಿದೆ. ಜೆಟ್ಟಿಯಲ್ಲಿ ನಿಂತು ನೀರನ್ನು ನೋಡಿ ನಾನು "ರೀ, ಇವತ್ತು ಬೇಡ" ಎಂದರೆ ಅಂದು ಹೋಗುವುದಿಲ್ಲ. ಕಾರಣ ಕೇಳುವಂತಿಲ್ಲ, ಹೋಟೆಲಿನ ಖರ್ಚಿನ ಮಾತು ತೆಗೆಯುವಂತಿಲ್ಲ. ಅವರು ಬೇಡವೆಂದರೂ ಅಷ್ಟೇ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದು ಹೀಗೆ ಹಿಂದಿರುಗುವುದು ಸುಲಭವಲ್ಲ, ಆದರೆ ಈ ಅಧಿಕಾರ ನನ್ನ ಕೈಗೆ ಬಂದ ಮೇಲೆ ಅದನ್ನು ಬಳಸುವ ಸಂದರ್ಭಗಳೇ ಕಡಿಮೆಯಾದವು.

ಇನ್ನೊಂದು ಭಯವನ್ನು ಅವರು ಬಾಯಿಬಿಟ್ಟು ಹೇಳದೆಯೂ ಇರಬಹುದು. ಗೋವಾ ಇಲ್ಲಿಂದ 550 ಕಿಲೋಮೀಟರಿಗೂ ಹೆಚ್ಚು ದೂರ. ಗಾಳಿಮಳೆಯ ರಾತ್ರಿ ದೋಣಿ ಕಳಚಿಕೊಂಡಿತೆಂದು ಫೋನು ಬಂದರೆ ಏನು ಮಾಡುವುದು? ಇದಕ್ಕೆ "ಸರಪಳಿ ಗಟ್ಟಿಯಾಗಿದೆ" ಎಂಬ ಭರವಸೆ ಸಾಲದು. ನದಿಯ ತಳದ ಕಾಂಕ್ರೀಟ್ ದಿಂಡಿನಿಂದ ಬೋಯಾದವರೆಗಿನ ಸರಪಳಿ ಬೇಗ ಸವೆಯುವುದು, ಅದು ನೆಲವನ್ನು ಮುಟ್ಟಿ ಏಳುತ್ತಾ ಬೀಳುತ್ತಾ ಉಜ್ಜುವ ಜಾಗದಲ್ಲಿ. ಅದನ್ನು ಮುಳುಗುಗಾರರಿಂದ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. ದೋಣಿಯ ಮೂತಿಯಲ್ಲಿ ಹಗ್ಗ ಉಜ್ಜುವ ಕಡೆ ಕೊಳವೆ ತೊಡಿಸಿ, ಎರಡನೆಯ ಹಗ್ಗವನ್ನೂ ಕಟ್ಟಿರಬೇಕು. ಮುಂಗಾರಿನ ನಾಲ್ಕು ತಿಂಗಳು ದೋಣಿ ನೀರಿನಲ್ಲಿ ಇರಲೇಬಾರದು. ಅಗ್ವಾದದ ಬಳಿ ಅಳಿವೆಯ ಮರಳುದಿಬ್ಬವನ್ನು ಆಗ ದಾಟುವುದೂ ಅಪಾಯ. ದಡಕ್ಕೆ ಎತ್ತುವ ದಿನವನ್ನು ಮೇ ಕೊನೆಗೆ ತಳ್ಳಬೇಡಿ. 2021ರ ತೌಕ್ತೆ ಚಂಡಮಾರುತ ಗೋವಾ ಕರಾವಳಿಯ ಪಕ್ಕದಲ್ಲಿ ಹಾದುಹೋದದ್ದು ಮೇ ಮಧ್ಯದಲ್ಲಿ. ದಿನಕ್ಕೊಮ್ಮೆ ದೋಣಿಯನ್ನು ನೋಡಿ ಒಂದು ಫೋಟೋ ಕಳಿಸುವ ಸ್ಥಳೀಯ ಬೋಟ್‌ಮನ್‌ಗೆ ತಿಂಗಳ ಸಂಬಳ ಗೊತ್ತುಮಾಡಿ, ಆ ಫೋಟೋ ನಿಮ್ಮ ಪತ್ನಿಯವರ ಫೋನಿಗೂ ಬರುವಂತೆ ಮಾಡಿ. ಹೀಗೆಲ್ಲ ಮಾಡಿದ ಮೇಲೆ ಉಳಿತಾಯ ನಿಮ್ಮ ಹಾಳೆಯಲ್ಲಿದ್ದಷ್ಟು ಇರುವುದಿಲ್ಲ. ಆ ಚಿಕ್ಕ ಮೊತ್ತವನ್ನೇ ಅವರಿಗೆ ಹೇಳಿ.

ಶೌಚಾಲಯದ ಮಾತನ್ನು ಗಂಡಸರು ಮರೆಯುತ್ತಾರೆ. ಮರೀನಾದಲ್ಲಿ ದಡಕ್ಕೆ ನಡೆದು ಹೋಗಬಹುದು, ಬೋಯಾದಲ್ಲಿ ಇದ್ದದ್ದೊಂದೇ. ಅದು ಕೆಟ್ಟಿದ್ದರೆ ಉಳಿದ ಯಾವ ವಾದವೂ ನಿಲ್ಲುವುದಿಲ್ಲ. ಫ್ಯಾನಿಗೂ ದೀಪಕ್ಕೂ ಸೌರಫಲಕ ಸಾಕಾಗುತ್ತದೆ, ಕುಡಿಯುವ ನೀರನ್ನು ಕ್ಯಾನುಗಳಲ್ಲಿ ಹೊತ್ತೇ ತರಬೇಕು. ಇದಕ್ಕೆ ಪ್ರತಿಯಾಗಿ ಸಿಗುವ ಸುಖವೂ ಇದೆ. ಗಾಳಿ ಪ್ರಬಲವಾಗಿರುವಾಗ ಬೋಯಾದ ದೋಣಿ ತಾನಾಗಿ ಅದರತ್ತ ಮೂತಿ ತಿರುಗಿಸಿ ನಿಲ್ಲುವುದರಿಂದ, ಮುಂದಿನ ಕಿಂಡಿ ತೆರೆದರೆ ತಂಗಾಳಿ ನೇರ ಮಲಗುವ ಜಾಗಕ್ಕೆ ಬರುತ್ತದೆ. ದಡದಿಂದ ದೂರವಿರುವ ಕಾರಣ ಸೊಳ್ಳೆಯ ಕಾಟವೂ ಕಡಿಮೆ. ಮರೀನಾದಲ್ಲಿ ಪಕ್ಕದ ದೋಣಿಯ ಮಾತೆಲ್ಲ ಕೇಳಿಸುತ್ತಾ ಬೆವರುತ್ತಾ ಮಲಗಿದ ನನಗೆ ಇದು ಎಕ್ಸೆಲ್ ಹಾಳೆಗಿಂತ ದೊಡ್ಡ ವಾದವಾಗಿ ಕಂಡಿತು. ಆದರೆ ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಪರಿಚಿತರ ದೋಣಿಯೊಂದರಲ್ಲಿ ಒಂದು ರಾತ್ರಿ ಇಬ್ಬರೂ ಉಳಿದು ನೋಡಿ.

ಒಂದು ನಷ್ಟವನ್ನು ಮಾತ್ರ ನಾವು ಪೂರ್ತಿ ತುಂಬಿಕೊಳ್ಳಲಾಗಿಲ್ಲ. ಮಂಡಿನೋವಿರುವ ನಮ್ಮ ಅತ್ತೆಯವರು ಮರೀನಾದಲ್ಲಿದ್ದಾಗ ತಾವೇ ನಡೆದು ಬಂದು ದೋಣಿಯಲ್ಲಿ ಕೂರುತ್ತಿದ್ದರು. ಡಿಂಗಿಗೆ ಅವರು ಇಳಿಯಲಾರರು. ಈಗ ಅವರು ಬರುವುದಿದ್ದರೆ ಅನುಮತಿ ಕೇಳಿಕೊಂಡು, ತುಂಬು ಉಬ್ಬರದ ಹೊತ್ತಿಗೆ ದೋಣಿಯನ್ನೇ ಜೆಟ್ಟಿಗೆ ತಂದು ಹತ್ತಿಸಿಕೊಳ್ಳುತ್ತೇವೆ. ಇಳಿಸಲು ಮತ್ತೆ ಉಬ್ಬರಕ್ಕೆ ಕಾಯಬೇಕು. ನಿಮ್ಮ ಮನೆಯಲ್ಲಿಯೂ ಹಿರಿಯರಿದ್ದರೆ ಕೊಚ್ಚಿಯ ಜಾಗವನ್ನು ಬಿಟ್ಟುಕೊಡುವ ಮೊದಲೇ ಅವರ ಮಾತು ಎತ್ತಿ, ಮತ್ತು ಒಂದು ಹಂಗಾಮಿನ ನಂತರ ನಿಮ್ಮ ಪತ್ನಿ ಬೇಡವೆಂದರೆ ಮರೀನಾದಲ್ಲಿ ಮತ್ತೆ ಜಾಗ ಸಿಗುವುದೇ ಎಂಬುದನ್ನು ಅಲ್ಲಿಯವರಿಂದ ಬರಹದಲ್ಲಿ ಪಡೆಯದೆ "ಹಿಂದಕ್ಕೆ ಹೋಗೋಣ ಬಿಡು" ಎಂಬ ಮಾತನ್ನು ಕೊಡಬೇಡಿ.