ಲಂಡನ್ನಿನಲ್ಲಿ 11 ವರ್ಷದ ಮಗಳಿಗೆ ಕಡಿಮೆ ಖರ್ಚಿನ ಬಟ್ಟೆ ಎಲ್ಲಿ ಕೊಳ್ಳಬೇಕು? ಎಲ್ಲಿ ಅನ್ನೋದು ಬಿಡಿ, ಯಾವತ್ತು ಅಂತ ಕೇಳಿ

ಮಗಳ ಬಟ್ಟೆ ಶಾಪಿಂಗನ್ನು ಲಂಡನ್ ಪ್ರವಾಸದ ಕೊನೆಯ ದಿನಕ್ಕೆ, ಭಾನುವಾರಕ್ಕೆ ಇಟ್ಟಿದ್ದೇವೆ, ಅಗ್ಗದ ಅಂಗಡಿ ಯಾವುದು ಅಂತ ಕೇಳಿದ್ದೀರಿ. ಕೊನೆಯ ದಿನ, ಅದೂ ಭಾನುವಾರ ಅಂದ್ರಾ? ಮೊದಲು ಅದನ್ನು ಬದಲಿಸಿ. ಉಳಿದದ್ದು ಆಮೇಲೆ.

ಫ್ಯಾಷನ್ ಹುಚ್ಚಿನ 11 ವರ್ಷದ ಮಗಳು, ಲಂಡನ್, ಬಿಗಿ ಬಜೆಟ್, ಶಾಪಿಂಗ್ ಎಲ್ಲ ಕೊನೆಗೆ. ಇದು ನನ್ನದೇ ಹಳೆಯ ಪ್ಲ್ಯಾನ್! ಮೊದಲು ಮ್ಯೂಸಿಯಂ, ಟವರ್ ಬ್ರಿಜ್, ಅದೂ ಇದೂ. ಬಟ್ಟೆ ಕೊನೆಗೆ. ಮೊದಲೇ ಕೊಂಡರೆ ಸೂಟ್‌ಕೇಸ್ ತುಂಬಿಬಿಡುತ್ತದೆ, ಹೋಟೆಲ್ ಬದಲಿಸುವಾಗ ಹೊತ್ತು ತಿರುಗಬೇಕು, ಮಗಳು ದಿನಾ 'ಇನ್ನೊಂದೇ ಒಂದು' ಅಂತ ಹಟ ಮಾಡುತ್ತಾಳೆ. ಕೊನೆಯ ದಿನ ಒಂದೇ ಏಟಿಗೆ ಮುಗಿಸಿಬಿಟ್ಟರೆ ಈ ಯಾವ ತಲೆನೋವೂ ಇಲ್ಲ. ಕೇಳೋಕೆ ಜಾಣ ಲೆಕ್ಕ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ನಮ್ಮ ವಿಮಾನ ಭಾನುವಾರ ಸಂಜೆ. ಮಧ್ಯಾಹ್ನ ಒಂದು ಗಂಟೆಗೆ ಹೀಥ್ರೋ ಕಡೆ ಹೊರಟರೆ ಸಾಕು. ಬೆಳಗ್ಗೆ ಒಂಬತ್ತಕ್ಕೆ ಲಂಡನ್ನಿನ ದೊಡ್ಡ ಶಾಪಿಂಗ್ ಬೀದಿ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿದ್ದರೆ ಪೂರ್ತಿ ನಾಲ್ಕು ಗಂಟೆ ಸಿಗುತ್ತದೆ ಅಂತ ಲೆಕ್ಕ ಹಾಕಿದ್ದೆ. ಮಗಳು ರಾತ್ರಿಯೇ ಲಿಸ್ಟ್ ಬರೆದಿಟ್ಟಿದ್ದಳು. ಬ್ಯಾಗಿ ಜೀನ್ಸ್, ಕಾರ್ಗೋ ಪ್ಯಾಂಟ್, ಒಂದು ಹೂಡಿ, ಎರಡು ಟಾಪ್. ಪಕ್ಕದಲ್ಲಿ ಬಣ್ಣದ ಪೆನ್ಸಿಲ್ಲಿನಲ್ಲಿ ಯಾವುದಕ್ಕೆ ಯಾವುದು ಮ್ಯಾಚ್ ಅಂತ ಗೆರೆ ಬೇರೆ. ಎದ್ದೆವೋ ಬಿದ್ದೆವೋ ಅಂತ ಹೋದೆವು. ರಸ್ತೆ ಖಾಲಿ. ಅಂಗಡಿಗಳ ಬಾಗಿಲು ಹಾಕಿತ್ತು. ಗಾಜಿನೊಳಗೆ ಗೊಂಬೆಗಳು ಮಾತ್ರ ನಮ್ಮನ್ನು ನೋಡುತ್ತಾ ನಿಂತಿದ್ದವು.

ಇಂಗ್ಲೆಂಡಿನಲ್ಲಿ ಭಾನುವಾರದ ವ್ಯಾಪಾರಕ್ಕೇ ಒಂದು ಕಾನೂನಿದೆ, 1994ರದ್ದು. 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಕಾಲ ಮಾತ್ರ ಮಾರಾಟ ಮಾಡಬಹುದು. ಆ ಆರು ಗಂಟೆಯೂ ಒಂದೇ ಪಟ್ಟಿಗೆ, ಬೆಳಗ್ಗೆ 10ರಿಂದ ಸಂಜೆ 6ರ ಒಳಗೇ ಆಗಬೇಕು. ಆಕ್ಸ್‌ಫರ್ಡ್ ಸ್ಟ್ರೀಟಿನ ದೊಡ್ಡ ಬಟ್ಟೆ ಅಂಗಡಿಗಳು ಸಾಮಾನ್ಯವಾಗಿ ಮಧ್ಯಾಹ್ನ 12ರಿಂದ 6 ಇಟ್ಟುಕೊಳ್ಳುತ್ತವೆ. ಈಸ್ಟರ್ ಭಾನುವಾರ ಮತ್ತು ಕ್ರಿಸ್‌ಮಸ್ ದಿನ ದೊಡ್ಡ ಅಂಗಡಿಗಳು ಪೂರ್ತಿ ಬಂದ್. ಇದು ಅಲ್ಲಿನವರಿಗೆಲ್ಲ ಗೊತ್ತಿರುವ ವಿಷಯ. ಹಾಗಾಗಿ ಯಾರೂ ಹೇಳುವುದಿಲ್ಲ. ನಾನೂ ಶನಿವಾರ ಅದೇ ಬೀದಿಯಲ್ಲಿ ಓಡಾಡಿ, ರಾತ್ರಿವರೆಗೂ ತೆಗೆದಿರುತ್ತಾರೆ ಅಂತ ನೋಡಿ, ನಾಳೆಯೂ ಹಾಗೇ ಅಂದುಕೊಂಡಿದ್ದೆ. ಫೋನಿನಲ್ಲಿ ಅಂಗಡಿಯ ಸಮಯ ನೋಡಲು ಅರ್ಧ ನಿಮಿಷ ಸಾಕಿತ್ತು. ನೋಡಲಿಲ್ಲ. ಯಾಕೆ ನೋಡಲಿಲ್ಲ ಅಂದ್ರೆ, ಊರಿಗೆ ಊರೇ ಶಾಪಿಂಗಿಗೆ ಬರುವ ಬೀದಿ ರಜೆಯ ದಿನ ತಡವಾಗಿ ತೆರೆಯಬಹುದು ಅನ್ನೋದು ನನ್ನ ತಲೆಗೇ ಹೊಳೆಯಲಿಲ್ಲ.

ಹನ್ನೊಂದೂವರೆಗೆ ಒಂದು ಅಂಗಡಿಯ ಬಾಗಿಲು ತೆರೆಯಿತು. ಬದುಕಿದೆ ಅಂದುಕೊಂಡೆ. ಒಳಗೆ ಹೋದ ಮೇಲೆ ಗೊತ್ತಾಯಿತು, ಬಿಲ್ ಮಾಡುವುದು 12ಕ್ಕೇ. ಕಾನೂನು ತಡೆಯುವುದು ಮಾರಾಟವನ್ನು, ನೋಡುವುದನ್ನಲ್ಲ. ಅದಕ್ಕೇ ಕೆಲವು ಅಂಗಡಿಗಳು ಅರ್ಧ ಗಂಟೆ ಮುಂಚೆ ಒಳಗೆ ಬಿಡುತ್ತವೆ. ಮಗಳು ಮೊಣಕೈವರೆಗೂ ಹ್ಯಾಂಗರ್ ತೂಗುಹಾಕಿಕೊಂಡು ಕೌಂಟರ್ ಮುಂದೆ ನಿಂತಳು. ಆಚೆ ಬದಿಯ ಹುಡುಗಿ ಕೈಕಟ್ಟಿ ನಿಂತಿದ್ದಳು. ಇಬ್ಬರೂ ಗೋಡೆ ಗಡಿಯಾರ ನೋಡುತ್ತಿದ್ದರು. ನಾನು ವಿಮಾನದ ಟೈಮ್ ನೋಡುತ್ತಿದ್ದೆ.

ಹನ್ನೆರಡಾಗುವ ಹೊತ್ತಿಗೆ ಜಾತ್ರೆ. ಟ್ರಯಲ್ ರೂಮಿನ ಸಾಲು ಮೆಟ್ಟಿಲವರೆಗೂ ಬಂದಿತ್ತು. 'ಹಾಕಿ ನೋಡೋದು ಬೇಡ, ಅಂದಾಜಿನ ಮೇಲೆ ತಗೋ' ಅಂದೆ. ಅವಳ ಮುಖ ಬಾಡಿಹೋಯಿತು. ಈ ವಯಸ್ಸಿನ ಮಕ್ಕಳಿಗೆ ಕನ್ನಡಿ ಮುಂದೆ ತಿರುಗಿ ನೋಡಿಕೊಳ್ಳುವುದೇ ಅರ್ಧ ಶಾಪಿಂಗ್. ಅದನ್ನೇ ಕಿತ್ತುಕೊಂಡೆ. ಜೀನ್ಸ್ ಸೊಂಟದಲ್ಲಿ ಎರಡು ಬೆರಳು ಸಡಿಲ, ಕಾರ್ಗೋ ಗಿಡ್ಡ. ಗೊತ್ತಾದದ್ದು ಮನೆಗೆ ಬಂದ ಮೇಲೆ. ಹೂಡಿ ಸಿಗಲೇ ಇಲ್ಲ. ವಿಮಾನ ನಿಲ್ದಾಣದಲ್ಲಿ ಅವಳ ಅಳು ನೋಡಲಾಗದೆ ಅಲ್ಲೇ ಒಂದು ಹೂಡಿ ಕೊಡಿಸಿದೆ. ಬೆಳಗ್ಗೆಯಿಂದ ಕೊಂಡ ಎಲ್ಲಾ ಬಟ್ಟೆಗಿಂತ ಆ ಒಂದರ ಬಿಲ್ಲೇ ಜಾಸ್ತಿ. ಬಜೆಟ್ ಅಂತ ಹೊರಟವನ ಕಥೆ ಇದು.

ಭಾನುವಾರ ಅನ್ನೋದೊಂದೇ ತೊಂದರೆ ಅಂತ ಅಂದುಕೊಳ್ಳಬೇಡಿ. ಶುಕ್ರವಾರವಾಗಿದ್ದರೂ ನನ್ನ ಪ್ಲ್ಯಾನ್ ಸರಿ ಇರಲಿಲ್ಲ. ಕೊನೆಗೆ ಇಟ್ಟರೆ ಬಟ್ಟೆ ವಾಪಸ್ ಕೊಡುವ ದಾರಿಯೇ ಮುಚ್ಚಿಹೋಗುತ್ತದೆ, ದುಡ್ಡು ಹೋಗುವುದು ಅಲ್ಲಿ. ಅಂಗಡಿಗೇ ಹೋಗಿ ಕೊಂಡದ್ದನ್ನು 'ಇಷ್ಟವಾಗಲಿಲ್ಲ' ಅಂತ ವಾಪಸ್ ತೆಗೆದುಕೊಳ್ಳಲೇಬೇಕು ಅಂತ ಅಲ್ಲಿ ಕಾನೂನೇನೂ ಇಲ್ಲ. ಆದರೆ ದೊಡ್ಡ ಅಂಗಡಿಗಳು ತಾವಾಗಿಯೇ ತೆಗೆದುಕೊಳ್ಳುತ್ತವೆ. ಅಗ್ಗದ ಬಟ್ಟೆಗೆ ಹೆಸರಾದ ಪ್ರೈಮಾರ್ಕ್ ಅಂಗಡಿಯಲ್ಲಿ 28 ದಿನ ಟೈಮ್ ಕೊಡುತ್ತಾರೆ. ರಸೀದಿ ಇರಬೇಕು, ಟ್ಯಾಗ್ ಕಿತ್ತಿರಬಾರದು, ಅಷ್ಟೇ. 28 ದಿನ ಇದ್ದು ಏನು ಪ್ರಯೋಜನ, ನೀವು ಆ ರಾತ್ರಿಯೇ ವಿಮಾನ ಹತ್ತಿದರೆ? ಹೋದ ಎರಡನೇ ದಿನವೇ ಕೊಳ್ಳಿ. ರಾತ್ರಿ ಹೋಟೆಲಿನಲ್ಲಿ ಹಾಕಿ ನೋಡಲಿ, ಇರುವ ಬಟ್ಟೆ ಜೊತೆ ಮ್ಯಾಚ್ ಮಾಡಲಿ, ಫೋಟೋ ತೆಗೆದುಕೊಳ್ಳಲಿ, ಮನಸ್ಸು ಬದಲಿಸಲಿ. ಬೇಡವಾದದ್ದನ್ನು ಆ ಕಡೆ ಹೋಗುವಾಗ ವಾಪಸ್ ಕೊಟ್ಟರಾಯಿತು. ಸೂಟ್‌ಕೇಸ್ ಭಾರವಾಗುತ್ತದೆ ಅನ್ನುವ ಭಯವಂತೂ ಸುಮ್ನೆ. ಮಕ್ಕಳ ನಾಲ್ಕು ಬಟ್ಟೆಯ ತೂಕ ಎಷ್ಟಿರುತ್ತದೆ ಹೇಳಿ! ಮೇಲಾಗಿ ಹೊಸದನ್ನು ಅಲ್ಲೇ ಹಾಕಿಕೊಂಡು ಓಡಾಡುತ್ತಾಳೆ.

ನೀವು ಕೇಳಿದ್ದು ಅಗ್ಗದ ಅಂಗಡಿ ಯಾವುದು ಅಂತ. ಪ್ರೈಮಾರ್ಕ್. ಇದನ್ನು ಯಾರು ಬೇಕಾದರೂ ಹೇಳುತ್ತಾರೆ. ಆಕ್ಸ್‌ಫರ್ಡ್ ಸ್ಟ್ರೀಟಿನ ಎರಡೂ ತುದಿಯಲ್ಲಿ ಒಂದೊಂದಿದೆ, ಟಾಟನಂ ಕೋರ್ಟ್ ರೋಡ್ ಸ್ಟೇಷನ್ ಹತ್ತಿರ ಒಂದು, ಮಾರ್ಬಲ್ ಆರ್ಚ್ ಹತ್ತಿರ ಇನ್ನೊಂದು. ವಾರದ ದಿನ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಟ್ರಯಲ್ ರೂಮ್ ಖಾಲಿ ಇರುತ್ತದೆ. ಆದರೆ ನನ್ನ ಮಾತು ಕೇಳಿ, ಅಗ್ಗದ ಅಂಗಡಿ ಹುಡುಕುವುದೇ ತಪ್ಪು ದಾರಿ. ಅಗ್ಗದ ಅಂಗಡಿಯಲ್ಲೇ ಬುಟ್ಟಿ ತುಂಬುವುದು. 'ಇದು ಬರೀ ಐದು ಪೌಂಡ್ ಅಪ್ಪಾ' ಅಂತ ಹತ್ತು ಸಲ ಕೇಳಿದರೆ ಲೆಕ್ಕ ಏನಾಯಿತು ನೋಡಿ.

ಅದಕ್ಕಿಂತ ಮಕ್ಕಳ ಸೈಜ್ ಹಿಡಿಯಿರಿ. ಬ್ರಿಟನ್ನಿನಲ್ಲಿ ಬಟ್ಟೆಯ ಮೇಲೆ 20% ತೆರಿಗೆ ಇದೆ. 14 ವರ್ಷದೊಳಗಿನ ಮಕ್ಕಳಿಗೆಂದೇ ಮಾಡಿದ ಬಟ್ಟೆಗೆ ಅದು ಸೊನ್ನೆ. ಯಾವ ಅರ್ಜಿಯೂ ಬೇಡ, ಆ ವಿನಾಯಿತಿ ಟ್ಯಾಗಿನ ಬೆಲೆಯಲ್ಲೇ ಸೇರಿಕೊಂಡಿರುತ್ತದೆ. ಹೆಚ್ಚುಕಡಿಮೆ ಒಂದೇ ಥರದ ಹೂಡಿ ದೊಡ್ಡವರ ಸ್ಮಾಲ್ ಸೈಜಿನಲ್ಲಿ ಒಂದು ಬೆಲೆ, ಮೇಲಿನ ಮಹಡಿಯಲ್ಲಿ '13–14' ಅಂತ ಬರೆದದ್ದರಲ್ಲಿ ಇನ್ನೊಂದು ಬೆಲೆ. ಅಲ್ಲಿ ಮಕ್ಕಳ ಸೈಜನ್ನು ವಯಸ್ಸಿನ ಲೆಕ್ಕದಲ್ಲಿ ಬರೆಯುತ್ತಾರೆ, ಪಕ್ಕದಲ್ಲಿ ಎತ್ತರ ಇರುತ್ತದೆ. ನೀವು ನೋಡಬೇಕಾದದ್ದು ಆ ಸೆಂಟಿಮೀಟರನ್ನು. 11–12 ಅಂದರೆ ಹೆಚ್ಚಾಗಿ 152 ಸೆಂ.ಮೀ. ಆಸುಪಾಸು. ಹೊರಡುವ ಮುಂಚೆ ಮನೆಯಲ್ಲೇ ಮಗಳ ಎತ್ತರ, ಸೊಂಟ, ಕಾಲಿನ ಉದ್ದ ಅಳೆದು ಫೋನಿನಲ್ಲಿ ಬರೆದುಕೊಳ್ಳಿ.

ಒಂದೇ ಅಡ್ಡಿ, ಅವಳು ಮಕ್ಕಳ ವಿಭಾಗಕ್ಕೆ ಕಾಲಿಡಲು ಒಪ್ಪಬೇಕಲ್ಲ! ನನ್ನ ಮಗಳು ಎಸ್ಕಲೇಟರ್ ಬುಡದಲ್ಲೇ ನಿಂತುಬಿಟ್ಟಿದ್ದಳು. 'ಅಲ್ಲೆಲ್ಲ ಯೂನಿಕಾರ್ನ್ ಇರುತ್ತೆ' ಅಂತ. ದೊಡ್ಡ ಮಕ್ಕಳ ಸಾಲು ಬೇರೆಯೇ ಇರುತ್ತದೆ, ಯೂನಿಕಾರ್ನ್ ಕಾಟ ಇಲ್ಲ, ಕೆಳಗಿನ ಮಹಡಿಯ ಸ್ಟೈಲ್‌ಗಳೇ ಅಲ್ಲೂ ಇರುತ್ತವೆ. ತೆರಿಗೆ ಪಾಠ ಮಾಡಲು ಹೋಗಬೇಡಿ. ಇಷ್ಟು ಪೌಂಡ್ ಅಂತ ದುಡ್ಡು ಅವಳ ಕೈಗೇ ಕೊಡಿ, ಉಳಿದರೆ ನಿನ್ನದೇ ಅನ್ನಿ. ತಾನಾಗಿ ಮೇಲೆ ಹತ್ತುತ್ತಾಳೆ. ನಾವು ಆಮೇಲೊಮ್ಮೆ ಹೋದಾಗ ಹಾಗೇ ಮಾಡಿದೆವು. ಎರಡು ಟಾಪ್ ಎದುರಿಟ್ಟುಕೊಂಡು ಬಟ್ಟೆ ಉಜ್ಜಿ, ಹೊಲಿಗೆ ಒಳಗಡೆ ತಿರುಗಿಸಿ ನೋಡಿ, ಒಂದನ್ನು ತಾನೇ ವಾಪಸ್ ಇಟ್ಟಳು. ನಾನು ಬಾಯಿ ತೆರೆಯಲೇ ಇಲ್ಲ.

ಚಾರಿಟಿ ಶಾಪ್ ಅಂತ ಇರುತ್ತವೆ. ಆಕ್ಸ್‌ಫ್ಯಾಮ್, ಕ್ಯಾನ್ಸರ್ ರಿಸರ್ಚ್ ಯುಕೆ, ಬ್ರಿಟಿಷ್ ರೆಡ್ ಕ್ರಾಸ್ ಇಂಥವರದ್ದು. ಜನ ದಾನ ಕೊಟ್ಟ ಬಟ್ಟೆ ಮಾರುತ್ತಾರೆ, ಬಂದ ಹಣ ಸಂಸ್ಥೆಯ ಕೆಲಸಕ್ಕೆ ಹೋಗುತ್ತದೆ. ಯಾರೋ ಹಾಕಿ ಬಿಟ್ಟ ಬಟ್ಟೆ ಅಂತ ಮೂಗು ಮುರಿಯಬೇಡಿ. ಮ್ಯಾರಿಲೆಬೋನ್, ಚೆಲ್ಸಿಯಂಥ ದುಡ್ಡಿರುವವರ ಏರಿಯಾದ ಅಂಗಡಿಗೇ ಹೋಗಿ. ಅಲ್ಲಿಗೆ ಬರುವ ಬಟ್ಟೆಯೂ ಆ ಮಟ್ಟದ್ದೇ ಇರುತ್ತದೆ. ನನ್ನ ಮಗಳು ಅಲ್ಲೊಂದು ಡೆನಿಮ್ ಜಾಕೆಟ್ ಹಿಡಿದಳು. ಕಾಲರ್ ಒಳಗೆ ಯಾವುದೋ ಹುಡುಗಿಯ ಹೆಸರಿನ ಪಟ್ಟಿ ಹೊಲಿದಿತ್ತು. ಅಲ್ಲಿನ ಅಮ್ಮಂದಿರು ಶಾಲೆಯಲ್ಲಿ ಕಳೆದುಹೋಗದಿರಲಿ ಅಂತ ಹೊಲಿಯುತ್ತಾರೆ. ನಾನು ಬಿಚ್ಚಿಸೋಣ ಅಂದೆ, ಅವಳು ಬಿಡಲಿಲ್ಲ. ಆ ಜಾಕೆಟ್ ಈಗಲೂ ಬೀರುವಿನಲ್ಲಿದೆ, ತೋಳು ಮೊಣಕೈಗೆ ಬಂದಿದೆ.

ಸೇನ್ಸ್‌ಬರೀಸ್, ಆಸ್ಡಾ, ಟೆಸ್ಕೋ ಥರದ ಸೂಪರ್ ಮಾರ್ಕೆಟ್ಟಿನಲ್ಲೂ ಬಟ್ಟೆ ಕಡಿಮೆಗೆ ಸಿಗುತ್ತದೆ. ಆದರೆ ದೊಡ್ಡ ಶಾಖೆಗಳಲ್ಲಿ ಮಾತ್ರ, ನಗರದ ಮಧ್ಯದ ಪುಟ್ಟ ಶಾಖೆಗಳಲ್ಲಿ ಇರುವುದಿಲ್ಲ. ಲಂಡನ್ನಿಗೆ ಕರೆದುಕೊಂಡು ಹೋಗಿ ಸೊಪ್ಪು ತರಕಾರಿ ಪಕ್ಕದಲ್ಲಿ ಬಟ್ಟೆ ಕೊಡಿಸಿದಿರಿ ಅನ್ನುವ ಮಾತು ಬೇಕಾ ನಿಮಗೆ? ನಾನಂತೂ ಹೋಗಲಿಲ್ಲ.

ತೆರಿಗೆ ವಿಷಯ ಬಂದಿದ್ದಕ್ಕೆ ಒಂದು ಮಾತು. ವಿಮಾನ ನಿಲ್ದಾಣದಲ್ಲಿ ಪ್ರವಾಸಿಗರಿಗೆ ತೆರಿಗೆ ವಾಪಸ್ ಸಿಗುತ್ತದೆ ಅಂತ ಹಳೆಯ ಗೈಡ್‌ಗಳಲ್ಲಿ ಓದಿ ರಸೀದಿ ಕೂಡಿಟ್ಟುಕೊಳ್ಳಬೇಡಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರರಲ್ಲೂ 2021ರ ಜನವರಿಯಿಂದ ಅದು ನಿಂತಿದೆ. ರಸೀದಿ ಬೇಕಾಗುವುದು ಬಟ್ಟೆ ವಾಪಸ್ ಕೊಡಲು.

ಇನ್ನೊಂದು ಉಳಿತಾಯ ಇದೆ, ಅದು ಅಂಗಡಿಯಲ್ಲಿಲ್ಲ. 11 ತುಂಬದ ಮಕ್ಕಳಿಗೆ ದೊಡ್ಡವರ ಜೊತೆ ಟ್ಯೂಬ್, ಅಂದರೆ ಲಂಡನ್ನಿನ ಮೆಟ್ರೋ ರೈಲು ಉಚಿತ. ನಿಮ್ಮ ಮಗಳಿಗೆ ತುಂಬಿದೆ, ಹಾಗಾಗಿ ದುಡ್ಡು ತುಂಬಿಸಿ ಬಳಸುವ ಪ್ರಯಾಣದ ಆಯ್ಸ್ಟರ್ ಕಾರ್ಡ್ ತೆಗೆದುಕೊಂಡು, ಟ್ಯೂಬ್ ಸ್ಟೇಷನ್ ಸಿಬ್ಬಂದಿ ಹತ್ತಿರ 'ಯಂಗ್ ವಿಸಿಟರ್' ರಿಯಾಯಿತಿ ಹಾಕಿಸಿ. 11ರಿಂದ 15 ವರ್ಷದವರಿಗೆ 14 ದಿನ ಅರ್ಧ ದರ. ನಿಮ್ಮ ಬ್ಯಾಂಕ್ ಕಾರ್ಡ್ ಮುಟ್ಟಿಸಿ ಅವಳನ್ನು ಒಳಗೆ ಕಳಿಸಿದರೆ ಪೂರ್ತಿ ದರ ಬೀಳುತ್ತದೆ. ಉಳಿದದ್ದನ್ನು ಅವಳ ಬಟ್ಟೆ ದುಡ್ಡಿಗೇ ಸೇರಿಸಿ.

ಹಾಗಾದರೆ ಆ ಭಾನುವಾರ ಏನು ಮಾಡುವುದು ಅಂತೀರಾ? ಪೂರ್ವ ಲಂಡನ್ನಿನ ಬ್ರಿಕ್ ಲೇನ್ ಬೀದಿಗೆ ಹೋಗಿ. 280 ಚದರ ಮೀಟರ್ ಕಾನೂನು ಸಣ್ಣ ಅಂಗಡಿಗಳಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಆಕ್ಸ್‌ಫರ್ಡ್ ಸ್ಟ್ರೀಟ್ ಬಾಗಿಲು ಹಾಕಿ ಮಲಗಿರುವಾಗ ಇಲ್ಲಿ ಆಗಲೇ ವ್ಯಾಪಾರ ಶುರುವಾಗಿರುತ್ತದೆ. ಹಳೆಯ ಟ್ರೂಮನ್ ಬ್ರೂವರಿ ಕಟ್ಟಡದ ಸುತ್ತಮುತ್ತ ವಿಂಟೇಜ್ ಬಟ್ಟೆಗಳ ರಾಶಿ. ಎಲ್ಲವೂ ಅಗ್ಗ ಅಂತ ಹೇಳುವುದಿಲ್ಲ, ಕೆಲವರು ಹಳೆಯ ಬಟ್ಟೆಗೂ ಬಾಯಿಗೆ ಬಂದ ರೇಟ್ ಹೇಳುತ್ತಾರೆ. ಆದರೆ ಬೀದಿ ಬದಿಯವರ ಹತ್ತಿರ ಚೌಕಾಸಿ ನಡೆಯುತ್ತದೆ. ಎರಡು ತಗೊಂಡರೆ ಎಷ್ಟಕ್ಕೆ ಕೊಡುತ್ತೀರಿ ಅಂತ ಅವಳ ಕೈಲೇ ಕೇಳಿಸಿ. ನಮಗಿಂತ ಮಕ್ಕಳಿಗೆ ಬೇಗ ಇಳಿಸುತ್ತಾರೆ. ಸ್ವಲ್ಪ ಚಿಲ್ಲರೆ ನೋಟು ಇರಲಿ. ಅಲ್ಲಿ ಟ್ರಯಲ್ ರೂಮ್ ಎಲ್ಲ ಕಡೆ ಇರುವುದಿಲ್ಲ, ಅದಕ್ಕೇ ಆ ದಿನ ಜಾಕೆಟ್, ಬ್ಯಾಗು, ಸ್ಕಾರ್ಫ್ ಇಷ್ಟೇ ಅಂತ ಮೊದಲೇ ಮಾತಾಡಿಕೊಳ್ಳಿ. ಜೀನ್ಸ್ ಮಾತ್ರ ವಾರದ ಮಧ್ಯದಲ್ಲೇ ಮುಗಿಸಿರಿ.