ಮನೆಯ ಹಪ್ಪಳ, ಉಪ್ಪಿನಕಾಯಿ ಮಾರಲು ಎಲ್‌ಎಲ್‌ಪಿ ಬೇಕೇ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿಯಿಂದ ಅಕ್ಕನೊಡನೆ ಸೇರಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿಗಳನ್ನು ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂಲಕ ಮಾರುತ್ತಿದ್ದೀರಿ. ಎಲ್‌ಎಲ್‌ಪಿ (ಪಾಲುದಾರರ ಹೊಣೆ ಅವರು ಹಾಕಿದ ಬಂಡವಾಳಕ್ಕೆ ಸೀಮಿತವಾದ ಪಾಲುದಾರಿಕೆ), ಒಪಿಸಿ (ಒಬ್ಬರೇ ಸದಸ್ಯರಿರುವ ಕಂಪನಿ), ಪ್ರೈವೇಟ್ ಲಿಮಿಟೆಡ್ ಕಂಪನಿ ಇವುಗಳಲ್ಲಿ ಯಾವುದನ್ನು, ಯಾರ ಹೆಸರಿನಲ್ಲಿ ಮಾಡಿಸಬೇಕೆಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಮೂರೂ ಬೇಡ. 2017ರಲ್ಲಿ ಇದೇ ಪ್ರಶ್ನೆಯನ್ನು ಹೊತ್ತು ತಿರುಗಿ, ಮೊದಲನೆಯದನ್ನು ಆರಿಸಿಕೊಂಡು, ಹಪ್ಪಳದಲ್ಲಿ ಸಂಪಾದಿಸಿದ್ದಕ್ಕಿಂತ ಹೆಚ್ಚನ್ನು ಸರಕಾರಕ್ಕೆ ವಿಳಂಬ ಶುಲ್ಕವಾಗಿ ಕಟ್ಟಿದವನು ನಾನು.

ನಮ್ಮ ಮನೆ ಕುಂಬಳೆಯಿಂದ ಒಳಗೆ. ಅಮ್ಮ ಮತ್ತು ಹೆಂಡತಿ ಹಪ್ಪಳ ಮಾಡುತ್ತಿದ್ದರು, ನಾನು ಆರ್ಡರ್ ಹಿಡಿದು ಕಟ್ಟು ಕಟ್ಟಿ ಕಳುಹಿಸುತ್ತಿದ್ದೆ, ಶಾರ್ಜಾದಲ್ಲಿದ್ದ ಭಾವ ಐವತ್ತು ಸಾವಿರ ಹಾಕಿದ್ದರು. ಬೆಂಗಳೂರಿನ ಗಿರಾಕಿಗಳಿಗೆ ಹೆಸರಿನ ಕೊನೆಯಲ್ಲಿ ಎಲ್‌ಎಲ್‌ಪಿ ಎಂದು ಕಂಡರೆ ನಂಬಿಕೆ ಬರುತ್ತದೆ, ನಾಳೆ ಏನಾದರೂ ಆದರೆ ಮನೆ, ತೋಟ ಉಳಿಯುತ್ತದೆ ಎಂಬ ಎರಡು ಮಾತುಗಳಿಗೆ ಮರುಳಾಗಿ, ಆನ್‌ಲೈನಿನಲ್ಲಿ ಜಾಹೀರಾತು ಕೊಡುತ್ತಿದ್ದ ಒಂದು ಸಲಹಾ ಸಂಸ್ಥೆಯ ಮೂಲಕ 2017ರ ಜೂನ್ ತಿಂಗಳಲ್ಲಿ, ಜಿಎಸ್‌ಟಿ ಜಾರಿಯಾಗುವುದಕ್ಕೆ ಎರಡು ವಾರ ಮೊದಲು, ನೋಂದಣಿ ಮಾಡಿಸಿದೆ. ಒಂದು ಲಕ್ಷ ಬಂಡವಾಳ, ಇಬ್ಬರು ಪಾಲುದಾರರು. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದೆವು.

ನನ್ನ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅದು ತಪ್ಪೆಂದು ಎರಡೂವರೆ ವರ್ಷ ನನಗೆ ಗೊತ್ತೇ ಆಗಲಿಲ್ಲ. ನಮ್ಮೂರಿನ ಆಡಿಟರ ಕೈಯಲ್ಲಿ ಎಲ್‌ಎಲ್‌ಪಿಯ ಆದಾಯ ತೆರಿಗೆ ರಿಟರ್ನನ್ನು ಪ್ರತಿವರ್ಷ ತಪ್ಪದೆ ಸಲ್ಲಿಸುತ್ತಿದ್ದೆ. 'ರಿಟರ್ನ್' ಎಂದರೆ ಅದೊಂದೇ ಎಂದು ತಿಳಿದಿದ್ದೆ. ಎಲ್‌ಎಲ್‌ಪಿಯಾದರೆ ತೆರಿಗೆ ಇಲಾಖೆಗೆ ಕೊಡುವುದು ಬೇರೆ, ಕಂಪನಿಗಳನ್ನೂ ಎಲ್‌ಎಲ್‌ಪಿಗಳನ್ನೂ ನೋಂದಾಯಿಸುವ ರಿಜಿಸ್ಟ್ರಾರರಿಗೆ ಕೊಡುವುದು ಬೇರೆ. ಎರಡನೆಯದರಲ್ಲಿ ಎರಡು ಫಾರಂಗಳಿವೆ: ಮೇ 30ರೊಳಗೆ ವಾರ್ಷಿಕ ವಿವರದ ಫಾರಂ 11, ಅಕ್ಟೋಬರ್ 30ರೊಳಗೆ ಲೆಕ್ಕಪತ್ರದ ಫಾರಂ 8. ವ್ಯಾಪಾರ ಸೊನ್ನೆಯಾಗಿದ್ದರೂ ಸಲ್ಲಿಸಲೇಬೇಕು. ನಮ್ಮಷ್ಟು ಬಂಡವಾಳಕ್ಕೆ ಒಂದು ಫಾರಂಗೆ ಶುಲ್ಕ 50 ರೂಪಾಯಿ. ತಡವಾದರೆ ಆಗಿನ ನಿಯಮದಂತೆ ಪ್ರತಿ ಫಾರಂಗೆ ದಿನಕ್ಕೆ 100 ರೂಪಾಯಿ, ಅದಕ್ಕೆ ಮೇಲ್ಮಿತಿ ಇರಲಿಲ್ಲ. ಮೇ ತಿಂಗಳ ಕೊನೆಯೆಂದರೆ ನಮ್ಮ ಮನೆಯಲ್ಲಿ ಮಳೆ ಹಿಡಿಯುವ ಮೊದಲು ಸೊಳೆ ಬೇಯಿಸಿ, ಕಡೆದು, ಒತ್ತಿ, ಅಂಗಳದ ಚಾಪೆಯ ತುಂಬ ಹಪ್ಪಳ ಹರಡಿ, ಮೋಡ ಕಂಡೊಡನೆ ಎಲ್ಲರೂ ಓಡಿಹೋಗಿ ಚಾಪೆ ಎಳೆಯುವ ಕಾಲ. ಗಡುವನ್ನು ನೆನಪಿಸುವ ಪತ್ರಗಳು ಬಂದಿರಲಿಲ್ಲವೆಂದಲ್ಲ. ನೋಂದಣಿಗೆಂದೇ ತೆರೆದು ಆಮೇಲೆ ನಾನು ಒಮ್ಮೆಯೂ ಇಣುಕಿ ನೋಡದ ಇಮೇಲ್ ವಿಳಾಸಕ್ಕೆ ಅವು ಬಂದು ಬೀಳುತ್ತಿದ್ದವು.

2019ರ ನವೆಂಬರಿನಲ್ಲಿ, ಬಿಸಿಲನ್ನೇ ನಂಬಿ ಕೂರುವುದು ಬೇಡವೆಂದು, ಡ್ರೈಯರ್ ಕೊಳ್ಳಲು ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದೆ. ಮ್ಯಾನೇಜರರು ರಿಜಿಸ್ಟ್ರಾರರಿಗೆ ಸಲ್ಲಿಸಿದ ಎರಡು ವರ್ಷಗಳ ಲೆಕ್ಕ ಕೇಳಿದಾಗ ವಿಷಯ ಬಯಲಾಯಿತು. ಅದೇ ಮೇಜಿನ ಎದುರು ಇನ್ನೊಂದು ಭ್ರಮೆಯೂ ಕಳಚಿತು: ಸಾಲಕ್ಕೆ ಇಬ್ಬರು ಪಾಲುದಾರರೂ ವೈಯಕ್ತಿಕ ಜಾಮೀನು ಬರೆದುಕೊಡಬೇಕು, ಜಾಗದ ಆಧಾರವನ್ನೂ ಇಡಬೇಕು. ತೋಟವನ್ನು ಉಳಿಸಲೆಂದು ಮಾಡಿಸಿದ ಎಲ್‌ಎಲ್‌ಪಿಗೆ ಸಾಲ ಸಿಗಬೇಕಾದರೆ ಮೊದಲು ತೋಟವನ್ನೇ ಇಡಬೇಕಿತ್ತು.

ಅಷ್ಟರಲ್ಲಿ ನಾಲ್ಕು ಫಾರಂಗಳು ಬಾಕಿಯಾಗಿ, ದಿನವೊಂದಕ್ಕೆ 400 ರೂಪಾಯಿ ಏರುತ್ತಿತ್ತು. ಅಂದೇ ಸಲ್ಲಿಸೋಣವೆಂದರೆ ಫಾರಂಗಳಿಗೆ ಇಬ್ಬರ ಡಿಜಿಟಲ್ ಸಹಿಯೂ ಬೇಕು, ಎರಡು ವರ್ಷದ ಆ ಸಹಿಗಳ ಅವಧಿ ಜೂನಿನಲ್ಲೇ ಮುಗಿದಿತ್ತು. ನನ್ನದು ಬೇಗ ಆಯಿತು. ಭಾವ ಅಲ್ಲಿಂದ ದಾಖಲೆಗಳನ್ನು ದೃಢೀಕರಿಸಿ ಕಳುಹಿಸುವಾಗ ಹೊಸ ವರ್ಷ ಬಂದಿತ್ತು. 2020ರ ಜನವರಿ 10ರಂದು ಕಟ್ಟಿದ ಲೆಕ್ಕ ಹೀಗಿದೆ: 590 ದಿನಕ್ಕೆ 59,000, 437 ದಿನಕ್ಕೆ 43,700, 225 ದಿನಕ್ಕೆ 22,500, 72 ದಿನಕ್ಕೆ 7,200. ಒಟ್ಟು 1,32,400 ರೂಪಾಯಿ. ಡ್ರೈಯರಿಗೆಂದು ಕೂಡಿಟ್ಟ ಹಣ ಹಾಗೆ ಹೋಯಿತು. ಎರಡು ತಿಂಗಳು ಕಳೆಯುವುದರೊಳಗೆ ಕೇಂದ್ರ ಸರಕಾರ ಎಲ್‌ಎಲ್‌ಪಿ ಸೆಟ್ಲ್‌ಮೆಂಟ್ ಸ್ಕೀಮ್ ಪ್ರಕಟಿಸಿ, ಏಪ್ರಿಲ್ 1ರಿಂದ ಹಳೆಯ ಬಾಕಿ ಫಾರಂಗಳ ವಿಳಂಬ ಶುಲ್ಕವನ್ನೇ ಬಿಟ್ಟುಕೊಟ್ಟಿತು. ಮೊದಲೇ ಕಟ್ಟಿದವರಿಗೆ ಮರಳಿ ಸಿಗಲಿಲ್ಲ. ಭಾವ ಇಂದಿಗೂ ಆ ಮಾತೆತ್ತುವುದಿಲ್ಲ, ಅದೇ ನನಗೆ ಹೆಚ್ಚು ಕಷ್ಟ.

2022ರ ಏಪ್ರಿಲ್ ನಂತರ ಸಣ್ಣ ಎಲ್‌ಎಲ್‌ಪಿಗಳಿಗೆ ಈ ಶುಲ್ಕ ಹಗುರವಾಗಿದೆ, ನಿಜ. ಆದರೂ ನಾನು ಬೇಡವೆನ್ನುವುದು ತೆರಿಗೆಯ ಕಾರಣಕ್ಕೆ. ಎಲ್‌ಎಲ್‌ಪಿಯ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇಕಡಾ 30 ತೆರಿಗೆ. ಪಾಲುದಾರರಿಗೆ ಸಂಬಳ ಕೊಟ್ಟು ಲಾಭವನ್ನು ಇಳಿಸಬಹುದು, ಆದರೆ ಹಾಗೆಂದು ಕರಾರುಪತ್ರದಲ್ಲಿ ಬರೆದಿರಬೇಕು. ಸಲಹಾ ಸಂಸ್ಥೆ ಕೊಟ್ಟ ಅಚ್ಚಿನ ಕರಾರಿನಲ್ಲಿ ಆ ಸಾಲು ಇರಲಿಲ್ಲ. ಮೊದಲ ವರ್ಷದ 62,000 ರೂಪಾಯಿ ಲಾಭಕ್ಕೆ 18,600 ರೂಪಾಯಿ ತೆರಿಗೆ, ಮೇಲೆ ಸೆಸ್. ಅದೇ ವ್ಯಾಪಾರ ನನ್ನ ಸ್ವಂತ ಹೆಸರಿನಲ್ಲಿ ಇದ್ದಿದ್ದರೆ, ನನಗೆ ಬೇರೆ ಆದಾಯವಿಲ್ಲದ ಆ ವರ್ಷ, ಒಂದು ರೂಪಾಯಿಯೂ ಇಲ್ಲ. ವಹಿವಾಟಿನ ಶೇಕಡಾ 8ನ್ನು, ಹಣ ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದಿದ್ದರೆ ಶೇಕಡಾ 6ನ್ನು, ಲಾಭವೆಂದು ತೋರಿಸಿ ಮುಗಿಸುವ ಅಂದಾಜು ತೆರಿಗೆಯ ಸೌಲಭ್ಯವೂ ಎಲ್‌ಎಲ್‌ಪಿಗೆ ಇಲ್ಲ. ಒಪಿಸಿಯೂ ಪ್ರೈವೇಟ್ ಲಿಮಿಟೆಡೂ ಕಂಪನಿಗಳೇ. ಒಂದು ಡಬ್ಬಿ ಹಪ್ಪಳ ಮಾರದಿದ್ದರೂ ಲೆಕ್ಕಪರಿಶೋಧನೆ ಕಡ್ಡಾಯ, ಫಾರಂ ತಡವಾದರೆ ದಿನಕ್ಕೆ 100 ರೂಪಾಯಿಯ ಲೆಕ್ಕ ಅಲ್ಲಿ ಇದೆ. ಹೊರಗಿನವರು ಬಂಡವಾಳ ಹಾಕಲು ಬಂದ ದಿನ ಕಂಪನಿಯ ಯೋಚನೆ ಮಾಡಿ.

ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ, ನಮ್ಮ ಜಿಲ್ಲೆಯವರಿಗೆ ಅದೇ ಮುಖ್ಯ. ನಿಮ್ಮ ಗಿರಾಕಿಗಳು ಮಂಗಳೂರು, ಪುತ್ತೂರಿನವರಾಗಿದ್ದರೆ, ತಲಪಾಡಿಯಂಥ ರಾಜ್ಯದ ಗಡಿಯನ್ನು ದಾಟಿದ ಪ್ರತಿಯೊಂದು ಕಟ್ಟೂ ಅಂತರರಾಜ್ಯ ಮಾರಾಟ. ಸರಕಿಗೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡವೆಂಬ ಮಾತು ಕೇರಳದ ಒಳಗಿನ ಮಾರಾಟಕ್ಕೆ ಮಾತ್ರ. ತೆರಿಗೆಯಿರುವ ಸರಕನ್ನು ಬೇರೆ ರಾಜ್ಯಕ್ಕೆ ಕಳುಹಿಸಿದರೆ ಮೊದಲ ಬಾಟಲಿಯಿಂದಲೇ ನೋಂದಣಿ ಬೇಕು. ಹಪ್ಪಳಕ್ಕೆ ತೆರಿಗೆಯಿಲ್ಲ, ಹಪ್ಪಳವೊಂದನ್ನೇ ಮಾರುವವರಿಗೆ ಈ ತಾಪತ್ರಯವಿಲ್ಲ. ಉಪ್ಪಿನಕಾಯಿಗೆ ತೆರಿಗೆ ಇದೆ. ಸಣ್ಣ ವ್ಯಾಪಾರಿಗಳಿಗೆಂದಿರುವ ರಾಜಿ ತೆರಿಗೆಯ (ಕಾಂಪೊಸಿಷನ್) ಪದ್ಧತಿಗೂ ಹೋಗುವಂತಿಲ್ಲ, ಅದರಲ್ಲಿರುವವರು ಹೊರರಾಜ್ಯಕ್ಕೆ ಮಾರುವಂತಿಲ್ಲ. ನೀವು ಯಾವ ರೂಪದ ಸಂಸ್ಥೆ ಕಟ್ಟಿಕೊಂಡರೂ ಇದು ಬದಲಾಗುವುದಿಲ್ಲ.

ಈಗ ಯಾರ ಹೆಸರು ಎಂಬ ಮಾತು. ಅಕ್ಕ ಕೆಲಸಕ್ಕೆ ಕೈಜೋಡಿಸುವುದಷ್ಟೇ ಆದರೆ ನಿಮ್ಮ ಹೆಸರಿನಲ್ಲಿ ಪ್ರೊಪ್ರೈಟರ್‌ಶಿಪ್, ಎಂದರೆ ಒಬ್ಬರೇ ಮಾಲೀಕರಾಗಿರುವ ವ್ಯಾಪಾರ, ಸಾಕು. ಪಂಚಾಯತು ಪರವಾನಗಿ, ಆಹಾರ ಸುರಕ್ಷತಾ ನೋಂದಣಿ, ಸಣ್ಣ ಉದ್ಯಮಗಳಿಗೆಂದಿರುವ, ಶುಲ್ಕವಿಲ್ಲದ ಉದ್ಯಮ್ ನೋಂದಣಿ ಮಾಡಿಸಿ ಚಾಲ್ತಿ ಖಾತೆ ತೆರೆಯಿರಿ. ಅಕ್ಕನೂ ಹಣ ಹಾಕಿದ್ದರೆ 1932ರ ಪಾಲುದಾರಿಕೆ ಕಾಯಿದೆಯ ಸಾದಾ ಪಾಲುದಾರಿಕೆ ಮಾಡಿ ಅದನ್ನು ನೋಂದಾಯಿಸಿ. ನೋಂದಾಯಿಸದ ಪಾಲುದಾರಿಕೆ ಬಾಕಿ ಉಳಿಸಿಕೊಂಡ ಅಂಗಡಿಯವನ ಮೇಲೆ ದಾವೆ ಹೂಡುವಂತಿಲ್ಲ, ಅವನು ನಿಮ್ಮ ಮೇಲೆ ಹೂಡಬಹುದು. ಯಾವುದೇ ಆಗಲಿ, ಅದನ್ನು ಲೇಬಲ್ ಅಚ್ಚು ಹಾಕಿಸುವ ಮೊದಲು ತೀರ್ಮಾನಿಸಿ. ಆಹಾರ ನೋಂದಣಿಯ 14 ಅಂಕೆಗಳ ಸಂಖ್ಯೆ ಲೇಬಲಿನ ಮೇಲೆ ಇರಬೇಕು; ಎಲ್‌ಎಲ್‌ಪಿ ಬಿಟ್ಟು ಸ್ವಂತ ಹೆಸರಿಗೆ ಬಂದಾಗ ನಮ್ಮ ಸಂಖ್ಯೆಯೇ ಬದಲಾಗಿ, ಅಮ್ಮ ಮತ್ತು ನಾನು ಮೂರು ಸಂಜೆ ಕುಳಿತು ಎರಡು ಸಾವಿರ ಹಳೆಯ ಲೇಬಲುಗಳ ಮೇಲೆ ಹೊಸ ಚೀಟಿ ಅಂಟಿಸಿದೆವು.