ಬ್ಯಾಲೆ ಕ್ಲಾಸಿಗೆ ಸೇರುವ ಮುಂಚೆ ನೆಲ ನೋಡಿ

ಪ್ರಶ್ನೆ: ಅಕ್ಕಾ, ನನಗೆ 37 ವರ್ಷ. ಸಹಕಾರಿ ಸಂಘವೊಂದರಲ್ಲಿ ಕ್ಯಾಶಿಯರ್. ಹತ್ತನೇ ಕ್ಲಾಸಿನವರೆಗೆ ಭರತನಾಟ್ಯ ಕಲಿತಿದ್ದೆ, ಆಮೇಲೆ ಬಿಟ್ಟುಹೋಯಿತು. ಈಗ ಬಿಜೈಯಲ್ಲಿ ನಮ್ಮ ಮನೆ ಹತ್ತಿರ, ಅಂಗಡಿಗಳ ಮೇಲಿನ ಮಹಡಿಯಲ್ಲಿ ಡ್ಯಾನ್ಸ್ ಸ್ಟುಡಿಯೋ ಶುರುವಾಗಿದೆ. ದೊಡ್ಡವರಿಗೂ ಬ್ಯಾಲೆ ಕ್ಲಾಸ್ ಉಂಟು ಎಂದು ಬೋರ್ಡ್ ಹಾಕಿದ್ದಾರೆ. ಸೇರಲು ತುಂಬಾ ಆಸೆ. ಆದರೆ ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ಸ್ವಲ್ಪ ನೋಯುತ್ತದೆ. ಅತ್ತೆ ‘ಈ ಪ್ರಾಯದಲ್ಲಿ ಇದೆಲ್ಲ ಎಂತಕ್ಕೆ?’ ಎನ್ನುತ್ತಾರೆ. ನನಗೆ ಭರತನಾಟ್ಯ ಕಲಿಸಿದ ಟೀಚರಿಗೆ ಬೇಸರವಾಗುತ್ತದೋ ಎಂಬ ಅಳುಕೂ ಇದೆ. ಏನು ಮಾಡಲಿ?
– ಹೆಸರು ಬೇಡ, ಮಂಗಳೂರು

ಉತ್ತರ: ಸೇರಿ. ಆದರೆ ಫೀಸ್ ಕಟ್ಟುವ ಮುಂಚೆ ಒಂದು ಸಂಜೆ ಹೋಗಿ ಆ ಸ್ಟುಡಿಯೋದ ನೆಲ ನೋಡಿ ಬನ್ನಿ.

ನಾನು ಉಡುಪಿಯಲ್ಲಿ ಭರತನಾಟ್ಯ ಕಲಿತವಳು. ಮದುವೆಯಾಗಿ ಮುಂಬೈಯಲ್ಲಿದ್ದಾಗ ಬ್ಯಾಲೆ ಕಲಿತೆ. ಈಗ ಎರಡನ್ನೂ ಹೇಳಿಕೊಡುತ್ತೇನೆ. ಕ್ಲಾಸ್ ಹೇಗಿದೆ ಎಂದು ಕೇಳಿಕೊಂಡು ಬರುವವರು ಟೀಚರ್ ಬಗ್ಗೆ, ಫೀಸ್ ಬಗ್ಗೆ, ಟೈಮಿಂಗ್ ಬಗ್ಗೆ ಕೇಳುತ್ತಾರೆ. ನೆಲದ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಕಡೆ ಬಾಡಿಗೆ ಕಟ್ಟಡಗಳಲ್ಲಿ ಇರುವುದು ಕಾಂಕ್ರೀಟ್ ಸ್ಲ್ಯಾಬ್, ಅದರ ಮೇಲೆ ಟೈಲ್ಸ್. ಬ್ಯಾಲೆಗೆ ಬೇಕಾದ್ದು ಮರದ ನೆಲ. ಹಲಗೆಯ ಕೆಳಗೆ ಮರದ ಪಟ್ಟಿ ಅಥವಾ ಫೋಮ್ ಕೊಟ್ಟು ಅದನ್ನು ಸ್ಲ್ಯಾಬಿನಿಂದ ಮೇಲೆತ್ತಿರುತ್ತಾರೆ. ಮೇಲೆ ಜಾರದಂಥ ವಿನೈಲ್ ಹಾಸು. ಹಾರಿ ಇಳಿದಾಗ ಆ ನೆಲ ಸ್ವಲ್ಪ ಬಾಗುತ್ತದೆ, ಪೆಟ್ಟನ್ನು ತಾನು ತೆಗೆದುಕೊಳ್ಳುತ್ತದೆ. ಟೈಲ್ಸ್ ಬಾಗುವುದಿಲ್ಲ. ಆ ಪೆಟ್ಟೆಲ್ಲ ನಿಮ್ಮ ಪಾದದ ಗಂಟಿಗೆ, ಮೊಣಕಾಲಿಗೆ, ಸೊಂಟಕ್ಕೆ.

ಟೈಲ್ಸ್ ಮೇಲೆ ಮಕ್ಕಳು ಆಡುವ ಬಣ್ಣದ ಫೋಮ್ ಮ್ಯಾಟ್ ಹಾಸಿದ್ದರೆ ಅದನ್ನೂ ನಂಬಬೇಡಿ. ತಿರುಗುವಾಗ ಪಾದ ಅದರಲ್ಲಿ ಕಚ್ಚಿ ನಿಲ್ಲುತ್ತದೆ, ಮೈ ತಿರುಗುತ್ತದೆ, ನಡುವೆ ಮೊಣಕಾಲು ತಿರುಚಿಕೊಳ್ಳುತ್ತದೆ. ಬರೀ ಟೈಲ್ಸ್ ಇದ್ದರೆ ಸೇರಲೇಬಾರದು ಎಂದಲ್ಲ. ಕ್ಲಾಸಿನ ಮೊದಲ ಭಾಗ ಗೋಡೆಯ ಪಕ್ಕದ ಸರಳು, ಅಂದರೆ ಬಾರ್, ಹಿಡಿದು ಮಾಡುವಂಥದ್ದು. ಅದು ಟೈಲ್ಸ್ ಮೇಲೂ ನಡೆಯುತ್ತದೆ. ಹಾರುವುದನ್ನು ಮಾತ್ರ ನೀವು ಬಿಡಬೇಕು. ಇದನ್ನು ಮೊದಲೇ ಟೀಚರಿಗೆ ಹೇಳಿ. ಅವರು ಒಪ್ಪದಿದ್ದರೆ ಆ ಕ್ಲಾಸ್ ಬೇಡ. ಮಳೆಗಾಲದಲ್ಲಿ ಟೈಲ್ಸ್ ಮೇಲೆ ತೇವ ಕೂರುತ್ತದಲ್ವಾ, ಆಗ ಒರೆಸಿ ಒಣಗಿಸುತ್ತಾರಾ ಎಂದೂ ಕೇಳಿ.

ಅದೇ ಸಂಜೆ ಒಂದು ಕ್ಲಾಸ್ ಪೂರ್ತಿ ಕೂತು ನೋಡಿ. ಟೀಚರ್ ಎಲ್ಲಿ ಕಲಿತವರು, ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸಿನ ಪರೀಕ್ಷೆಯಂಥದ್ದು ಏನಾದರೂ ಮಾಡಿದ್ದಾರಾ ಎಂದು ಧಾರಾಳವಾಗಿ ಕೇಳಬಹುದು. ಆದರೆ ನಾನು ಸರ್ಟಿಫಿಕೇಟಿಗಿಂತ ಜಾಸ್ತಿ ನೋಡುವುದು ಅವರ ಕಣ್ಣು ಎಲ್ಲಿದೆ ಎಂದು. ಅದು ವಿದ್ಯಾರ್ಥಿಗಳ ಮೊಣಕಾಲಿನ ಮೇಲಿರಬೇಕು. ಬ್ಯಾಲೆಯಲ್ಲಿ ಪಾದ ಹೊರಗೆ ತಿರುಗಿರುತ್ತದೆ, ಆದರೆ ಆ ತಿರುಗು ಬರಬೇಕಾದ್ದು ಸೊಂಟದ ಕೀಲಿನಿಂದ. ಸೊಂಟ ತಿರುಗದೆ ಪಾದವನ್ನಷ್ಟೇ ಒತ್ತಿ ಹೊರಗೆ ಇಟ್ಟರೆ ಮೊಣಕಾಲು ಒಳಗೆ ಬೀಳುತ್ತದೆ. ಮಂಡಿ ಬಗ್ಗಿಸುವ ಪ್ಲಿಯೆ ಮಾಡುವಾಗ ಮಂಡಿಚಿಪ್ಪು ಪಾದದ ಎರಡನೇ ಬೆರಳಿನ ನೇರಕ್ಕೆ ಇದೆಯಾ ನೋಡಿ. ಇಲ್ಲದಿದ್ದಾಗ ಟೀಚರ್ ನಿಲ್ಲಿಸಿ, ‘ಪಾದ ಇಷ್ಟೇ ತೆರೆಯಿರಿ, ಸಾಕು’ ಎನ್ನುತ್ತಾರಾ? ಹಾಗೆ ಹೇಳುವವರ ಹತ್ತಿರ ಕಣ್ಣುಮುಚ್ಚಿ ಸೇರಿ. ಬಾರ್ ಕೆಲಸವೇ ಇಲ್ಲದೆ ಸೀದಾ ಸ್ಟೇಜ್ ಐಟಂ ಶುರು ಮಾಡುವವರಾದರೆ ಬೇಡ.

ನಿಮ್ಮ ಮೊಣಕಾಲನ್ನು ಮೊದಲು ಮೂಳೆ ಡಾಕ್ಟರಿಗೆ ಅಥವಾ ಫಿಸಿಯೋಥೆರಪಿಸ್ಟರಿಗೆ ತೋರಿಸಿ. ಇದನ್ನು ಮುಂದೆ ಹಾಕಬೇಡಿ. ಅವರು ಸರಿ ಎಂದ ಮೇಲೂ ಶುರುವಿನಲ್ಲಿ ಹಿಮ್ಮಡಿ ನೆಲದಲ್ಲೇ ಇಟ್ಟು ಮಾಡುವ ಅರ್ಧ ಪ್ಲಿಯೆ ಸಾಕು. ಪೂರ್ತಿ ಕೆಳಗೆ ಕೂರುವುದು ಬೇಡ.

ಇನ್ನು ನಿಮ್ಮ ಭರತನಾಟ್ಯ. ಇಷ್ಟು ವರ್ಷವಾದರೂ ಅದು ಮೈಯಲ್ಲಿ ಉಳಿದಿರುತ್ತದೆ, ನೋಡಿ ಬೇಕಾದರೆ. ಅರೆಮಂಡಿಯಲ್ಲಿ, ಅಂದರೆ ಮಂಡಿ ಹೊರಗೆ ಬಗ್ಗಿಸಿ ಅರ್ಧ ಕೂತ ಭಂಗಿಯಲ್ಲಿ, ನಿಂತವರಿಗೆ ಸೊಂಟದಿಂದ ಕಾಲು ತೆರೆಯುವುದು ಅಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಬೆನ್ನು ನೇರ, ತಾಳದ ಲೆಕ್ಕ, ಎಡಬಲ ಎರಡೂ ಕಡೆ ಒಂದೇ ಹದದಲ್ಲಿ ಮಾಡುವ ಶಿಸ್ತು, ಎಲ್ಲ ಕೈಯಲ್ಲಿದೆ. ಕಷ್ಟವಾಗುವುದು ಬೇರೆ ಕಡೆ. ಅರೆಮಂಡಿಯಲ್ಲಿ ನಾವು ಕೆಳಗೇ ನಿಲ್ಲುತ್ತೇವೆ. ಪ್ಲಿಯೆ ನಿಲ್ಲುವ ಜಾಗ ಅಲ್ಲ, ಇಳಿದ ಕೂಡಲೇ ಏಳಲು ಶುರು. ಭರತನಾಟ್ಯದ ತಟ್ಟಡವು ಎಂಬ ಹೆಜ್ಜೆಯಲ್ಲಿ ಪಾದ ನೆಲಕ್ಕೆ ಬಡಿದು ಸದ್ದು ಬರಬೇಕು. ಬ್ಯಾಲೆಯಲ್ಲಿ ಹಾರಿ ಇಳಿದರೂ ಸದ್ದು ಕೇಳಬಾರದು: ಮೊದಲು ಬೆರಳ ತುದಿ, ಆಮೇಲೆ ಮುಂಗಾಲು, ಕೊನೆಗೆ ಹಿಮ್ಮಡಿ, ಜೊತೆಗೇ ಮಂಡಿ ಬಗ್ಗಬೇಕು. ಭರತನಾಟ್ಯದಿಂದ ಬಂದವರಿಗೆ ಎಲ್ಲಕ್ಕಿಂತ ತಡವಾಗಿ ಬರುವುದು ಇದೇ. ಕೈಯೂ ಹಾಗೆ. ಭರತನಾಟ್ಯ ಶುರು ಮಾಡುವ ನಾಟ್ಯಾರಂಭದ ಭಂಗಿಯಲ್ಲಿ ಚಾಚಿದ ಕೈ ಇಲ್ಲಿ ಮೆದುವಾಗಿ ಬಳುಕಬೇಕು. ಮನೆಯಲ್ಲಿ ಕಿಟಕಿಯ ಸರಳನ್ನು ಹಗುರವಾಗಿ ಹಿಡಿದು, ಎರಡೂ ಹಿಮ್ಮಡಿ ನಿಧಾನವಾಗಿ ಎತ್ತಿ ಇಳಿಸಿ. ಎತ್ತುವುದಕ್ಕಿಂತ ಇಳಿಸುವುದು ನಿಧಾನವಾಗಲಿ. ದಿನವಿಡೀ ಕೂತು ಹಣ ಎಣಿಸುವ ನಿಮ್ಮ ಬೆನ್ನಿಗೂ ಮೀನಖಂಡಕ್ಕೂ ಇದು ಬೇಕೇ ಬೇಕು.

ಟೀಚರಿಗೆ ಬೇಸರವಾಗುತ್ತದೆ ಎಂದಿರಲ್ಲ. ರುಕ್ಮಿಣಿದೇವಿ ಅರುಂಡೇಲ್ ಭರತನಾಟ್ಯಕ್ಕಿಂತ ಮೊದಲು ಕಲಿತದ್ದು ಬ್ಯಾಲೆ. ರಷ್ಯಾದ ಹೆಸರಾಂತ ಬ್ಯಾಲೆ ಕಲಾವಿದೆ ಆನಾ ಪಾವ್ಲೊವಾ ಅವರ ತಂಡದ ಕ್ಲಿಯೊ ನೋರ್ಡಿ ಕಲಿಸಿದರು. ನಿಮ್ಮ ನಾಡಿನ ನೃತ್ಯವನ್ನೂ ಹುಡುಕಿಕೊಳ್ಳಿ ಎಂದು ರುಕ್ಮಿಣಿದೇವಿಗೆ ಹೇಳಿದವರು ಪಾವ್ಲೊವಾ. 1936ರಲ್ಲಿ ಚೆನ್ನೈಯಲ್ಲಿ ರುಕ್ಮಿಣಿದೇವಿಯವರ ನೃತ್ಯಶಾಲೆ ಕಲಾಕ್ಷೇತ್ರ ಹುಟ್ಟಿದ್ದು ಆಮೇಲೆ. ನಮ್ಮ ಉಡುಪಿಯಲ್ಲೇ ಶಿವರಾಮ ಕಾರಂತರು ಯಕ್ಷಗಾನ ಬ್ಯಾಲೆ ಕಟ್ಟಿ ಊರೂರಿಗೆ ಒಯ್ಯಲಿಲ್ಲವೇ? ನೀವೇ ಹೋಗಿ ಟೀಚರಿಗೆ ಹೇಳಿ. ಅವರು ಕೊಟ್ಟ ಅರೆಮಂಡಿಯಿಂದಲೇ ಇದು ಸುಲಭವಾಯಿತು ಎಂದರೆ ಖುಷಿಪಡುತ್ತಾರೆ.

ಬಟ್ಟೆಗೆ ಚಿಂತೆ ಬೇಡ. ಲೆಗ್ಗಿಂಗ್ಸ್, ಮೈಗೆ ಹತ್ತುವ ಟೀ ಶರ್ಟ್ ಸಾಕು. ಸಡಿಲ ಕುರ್ತಾ ಹಾಕಿದರೆ ಸೊಂಟ, ಮಂಡಿ ಟೀಚರಿಗೆ ಕಾಣುವುದಿಲ್ಲ. ಶೂ ಕ್ಯಾನ್ವಾಸಿನದ್ದು ತೆಗೆದುಕೊಳ್ಳಿ, ಒಗೆಯಬಹುದು. ಚರ್ಮದ್ದಾದರೆ ನಮ್ಮ ಆಟಿ ಮಳೆಗೆ ಬೂಷ್ಟು ಹಿಡಿಯುತ್ತದೆ. ಅತ್ತೆಯವರನ್ನು ಒಂದು ದಿನ ಕ್ಲಾಸಿಗೆ ಕರೆದುಕೊಂಡು ಹೋಗಿ ಕೂರಿಸಿ. ಸುಮ್ನೆ ವಾದ ಮಾಡಬೇಡಿ.

ಪ್ರಶ್ನೆ: ಮಗಳಿಗೆ 8 ವರ್ಷ. ಆರು ತಿಂಗಳಿಂದ ಬ್ಯಾಲೆಗೆ ಹೋಗುತ್ತಿದ್ದಾಳೆ. ವಾರ್ಷಿಕೋತ್ಸವಕ್ಕೆ ಬೆರಳ ತುದಿಯಲ್ಲಿ ನಿಲ್ಲುವ ಪಾಯಿಂಟ್ ಶೂ ತರಲು ಹೇಳಿದ್ದಾರೆ. ಬೆಳೆಯುವ ಕಾಲು ಅಲ್ವಾ, ಒಂದು ಸೈಜ್ ದೊಡ್ಡದು ತಗೊಳ್ಳಲಾ?
– ಒಬ್ಬ ತಾಯಿ, ಉಡುಪಿ

ಉತ್ತರ: ದೊಡ್ಡದೂ ಬೇಡ, ಸರಿಯಾದ ಸೈಜಿನದ್ದೂ ಬೇಡ. ಎಂಟು ವರ್ಷದ ಮಗುವನ್ನು ಪಾಯಿಂಟ್ ಶೂ ಮೇಲೆ ನಿಲ್ಲಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಆ ಪ್ರಾಯದಲ್ಲಿ ಪಾದದ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಇಡೀ ಮೈಭಾರ ಬೆರಳ ತುದಿಗೆ ಬಿದ್ದಾಗ ಹಿಡಿದಿಡುವ ಶಕ್ತಿ ಪಾದದ ಗಂಟಿಗೆ, ಹೊಟ್ಟೆಗೆ, ಬೆನ್ನಿಗೆ ಬಂದಿರುವುದಿಲ್ಲ. ಸಾಮಾನ್ಯವಾಗಿ 11–12 ವರ್ಷವಾದ ಮೇಲೆ, ಅದೂ ಕೆಲವು ವರ್ಷ ಸರಿಯಾಗಿ ಕಲಿತಿದ್ದರೆ, ಟೀಚರ್ ಒಬ್ಬೊಬ್ಬರನ್ನೇ ಪರೀಕ್ಷಿಸಿ ಕೊಡುವ ಶೂ ಅದು. ಅಷ್ಟಾದರೂ ಕೆಲವರಿಗೆ ಕೊಡುವುದಿಲ್ಲ.

‘ಮೆತ್ತನೆ ಸ್ಲಿಪ್ಪರಿನಲ್ಲೇ ಕುಣಿಯುತ್ತಾಳೆ’ ಎಂದು ಟೀಚರಿಗೆ ನೇರವಾಗಿ ಹೇಳಿ. ಸ್ಟೇಜಿನಲ್ಲಿ ಅದೇನೂ ಕಡಿಮೆ ಕಾಣುವುದಿಲ್ಲ. ಒತ್ತಾಯ ಮಾಡಿದರೆ ಕ್ಲಾಸ್ ಬಿಡಿಸಿ. ಸ್ಲಿಪ್ಪರನ್ನೂ ಈಗಿನ ಕಾಲಿಗೆ ಸರಿಯಾಗಿ ತನ್ನಿ. ಬೆರಳು ಮಡಚಬಾರದು, ತುದಿಯಲ್ಲಿ ಬಟ್ಟೆ ಸಡಿಲ ಉಳಿಯಲೂಬಾರದು.

ಪ್ರಶ್ನೆ: ಮಗ ಹತ್ತು ವರ್ಷದವನು, ಯಕ್ಷಗಾನ ಕಲಿಯುತ್ತಿದ್ದಾನೆ. ಬ್ಯಾಲೆಗೂ ಸೇರಬೇಕಂತೆ. ಅದು ಹುಡುಗಿಯರದ್ದಲ್ಲವೇ?
– ತಂದೆ, ಮಣಿಪಾಲ

ಉತ್ತರ: ಅಲ್ಲ. ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ 1653ರಲ್ಲಿ ಸೂರ್ಯನ ವೇಷ ಹಾಕಿ ಬ್ಯಾಲೆ ಕುಣಿದವನು. 1661ರಲ್ಲಿ ನೃತ್ಯಕ್ಕೆಂದೇ ಅಕಾಡೆಮಿ ಮಾಡಿದವನೂ ಅವನೇ. ಪ್ಯಾರಿಸ್ಸಿನ ಒಪೆರಾ ರಂಗದಲ್ಲಿ 1681ರವರೆಗೆ ನೃತ್ಯದಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು, ನಮ್ಮ ಮೇಳಗಳ ಸ್ತ್ರೀವೇಷದ ಹಾಗೆ. ಇವತ್ತಿಗೂ ದೊಡ್ಡ ದೊಡ್ಡ ಜಿಗಿತಗಳು ಹುಡುಗರ ಪಾಲಿಗೆ ಜಾಸ್ತಿ ಬರುತ್ತವೆ. ಯಕ್ಷಗಾನದಲ್ಲಿ ಧಿಗಿಣ, ಅಂದರೆ ಸುತ್ತುತ್ತಾ ಹಾರುವ ಜಿಗಿತ, ಹೊಡೆಯುವ ಹುಡುಗನಿಗೆ ಅದು ಒಗ್ಗುತ್ತದೆ. ಖಂಡಿತ ಸೇರಿಸಿ. ಎರಡೂ ಕ್ಲಾಸ್ ಒಂದೇ ದಿನ ಬಾರದಂತೆ ನೋಡಿಕೊಳ್ಳಿ, ಕಾಲಿಗೆ ನಡುವೆ ಒಂದು ದಿನ ಬಿಡುವು ಸಿಗಲಿ.